ಹಳೆ ಬೋಟಿನ ರಾಡಾರಲ್ಲಿ ಅಲೆಯ ಎತ್ತರ ಅಳೆದೆ: ನನ್ನ ಅನುಭವ

ಬೋಟಿನ ರಾಡಾರಲ್ಲಿ ಅಲೆಯ ದಿಕ್ಕು ಸಿಗಬಹುದು, ಎತ್ತರ ಸಿಗುವುದೇ ಇಲ್ಲ ಅಂತ ಮಲ್ಪೆಯಲ್ಲೂ ಸುರತ್ಕಲ್‌ನಲ್ಲೂ ತುಂಬಾ ಜನ ಹೇಳಿದ್ದರು. "ಮಾರಾಯ್ರೆ, ಅದು ಬೋಟು ನೋಡುವ ಮಿಷನ್ನು, ಸುಮ್ನೆ ದುಡ್ಡು ಹಾಕ್ಬೇಡಿ" ಅಂದರು. ಈಗ ಕಾಪು ಕಡಲ ಬದಿಯ ಒಂದು ತಾರಸಿಯಿಂದ ಎತ್ತರವೂ ಸಿಗುತ್ತಿದೆ. ನೀರಿನಡಿ ಇಟ್ಟ ಪ್ರೆಶರ್ ಸೆನ್ಸರ್ ಜೊತೆ ಹೋಲಿಸಿದರೆ ವ್ಯತ್ಯಾಸ ಹೆಚ್ಚಿನ ದಿನ ಕಾಲು ಮೀಟರಿನೊಳಗೆ.

ಗುಜರಿಗೆ ಹೋಗಬೇಕಿದ್ದ ಎಕ್ಸ್ ಬ್ಯಾಂಡ್ (ಸುಮಾರು ಮೂರು ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯ) ರಾಡಾರ್ ಸೆಟ್ಟು, ಆರಡಿ ಆಂಟೆನಾ ಸಮೇತ ಸುಮಾರು 80 ಸಾವಿರಕ್ಕೆ ಸಿಕ್ಕಿತು. ಮುಚ್ಚಿದ ಡಬ್ಬಿಯೊಳಗೆ ಸಣ್ಣ ಆಂಟೆನಾ ಇರುವ ಡೋಮ್ ಇನ್ನೂ ಅಗ್ಗ, ಆದರೆ ಅದರ ಬೀಮಿನ ಅಗಲ ನಾಲ್ಕು ಡಿಗ್ರಿ. ಒಂದು ಕಿಲೋಮೀಟರ್ ಆಚೆ 70 ಮೀಟರ್ ಅಗಲದ ನೀರು ಒಂದೇ ಚುಕ್ಕೆಯಾಗುತ್ತದೆ. ಆರಡಿಯದರಲ್ಲಿ 20 ಮೀಟರಿನ ಆಸುಪಾಸು. ಮೊದಲ ಮಳೆಗಾಲದಲ್ಲೇ ಮ್ಯಾಗ್ನೆಟ್ರಾನ್ (ರಾಡಾರಿನ ರೇಡಿಯೋ ಅಲೆ ಹುಟ್ಟಿಸುವ ಭಾಗ) ಹೋಯಿತು, ಹೊಸದಕ್ಕೆ ಮತ್ತೆ 30 ಸಾವಿರದ ಹತ್ತಿರ. ಉಪ್ಪು ಗಾಳಿಗೆ ಬೇರಿಂಗ್ ಹೋಯಿತು. ಸೆನ್ಸರ್ ಒಂದು ಬಲೆಗೆ ಸಿಕ್ಕಿ ಮಾಯ. ಇಷ್ಟಾದರೂ ಅಲೆ ಅಳೆಯಲು ನೀರಲ್ಲಿ ತೇಲಿಬಿಡುವ ಒಂದು ಒಳ್ಳೆಯ ಬಾಯ್ (buoy) ಬೆಲೆಯ ಹತ್ತಿರಕ್ಕೂ ಹೋಗಲಿಲ್ಲ.

ಪರದೆಯಿಂದ ಅಲೆಯ, ಮಳೆಯ ಪ್ರತಿಧ್ವನಿ ಅಳಿಸುವ ಸೀ ಕ್ಲಟರ್, ರೇನ್ ಎರಡೂ ನಾಬ್ ಸೊನ್ನೆಗೆ ಇಳಿಸಿ, ಸಣ್ಣ ವಿವರ ಕಾಣಲು ಶಾರ್ಟ್ ಪಲ್ಸ್ ಹಾಕಿ. ಬೋಟಿನವರು ಕಸ ಅಂತ ಅಳಿಸುವ ಅಲೆಯ ಗುರುತೇ ನಮಗೆ ಬೇಕಾದದ್ದು ಅಲ್ವಾ! ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆಯಿದ್ದರೆ ಪರದೆ ಖಾಲಿ. ಚಳಿಗಾಲದ ಬೆಳಿಗ್ಗೆ ಕೂತು ಪ್ರಯೋಜನವಿಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆ ರಜೆ, ಪರದೆಯಲ್ಲಿ ಬೋಟುಗಳ ಗಲಾಟೆ ಇಲ್ಲ, ಅಲೆಯೂ ಭರ್ಜರಿ, ಆದರೆ ಜೋರು ಮಳೆ ಬಂದರೆ ಎಲ್ಲ ಬೆಳ್ಳಗೆ. ಎರಡು ಮಳೆಯ ನಡುವಿನ ಹೊಳವಿನಲ್ಲಿ ಹಿಡಿದದ್ದೇ ನನ್ನ ಒಳ್ಳೆಯ ಡೇಟಾ.

ನನ್ನ ಆಂಟೆನಾ ನಿಮಿಷಕ್ಕೆ 24 ಸುತ್ತು, ಅಂದರೆ ಎರಡೂವರೆ ಸೆಕೆಂಡಿಗೆ ಒಂದು ಚಿತ್ರ. 5 ಸೆಕೆಂಡಿಗಿಂತ ಬೇಗ ಬಂದು ಹೋಗುವ ಅಲೆಗಳಿಗೆ ಈ ಚಿತ್ರಗಳು ಸಾಲವು, ಲೆಕ್ಕದಲ್ಲಿ ಅವು ಮಡಚಿಕೊಂಡು ತಪ್ಪು ಜಾಗದಲ್ಲಿ ಕೂರುತ್ತವೆ. ವೇಗದ ಸ್ಕ್ಯಾನರ್ ತೆಗೆದುಕೊಳ್ಳಿ ಅಂದರು. ನಾನು ತೆಗೆದುಕೊಳ್ಳಲಿಲ್ಲ. ಅಲೆಯ ಉದ್ದ, ಅವಧಿ, ನೀರಿನ ಆಳಗಳ ಸಂಬಂಧ ಹೇಳುವ ಡಿಸ್ಪರ್ಶನ್ ಸೂತ್ರದಲ್ಲಿ ಅವು ಎಲ್ಲಿ ಬೀಳಬೇಕು ಅಂತ ಮೊದಲೇ ಗೊತ್ತಿರುತ್ತದೆ, ಅಲ್ಲಿಂದಲೇ ಬಿಡಿಸಿ ತಂದೆ. 64 ಚಿತ್ರಗಳ ಒಂದು ಕಟ್ಟು, ಮೂರು ಆಯಾಮದ ಎಫ್‌ಎಫ್‌ಟಿ (ಚಿತ್ರಗಳನ್ನು ಬೇರೆ ಬೇರೆ ಅಲೆಗಳಾಗಿ ಬಿಡಿಸುವ ಲೆಕ್ಕ), ಸೂತ್ರಕ್ಕೆ ಕೂರುವುದು ಅಲೆ, ಉಳಿದದ್ದು ಗದ್ದಲ. ಎರಡರ ಅನುಪಾತದ ವರ್ಗಮೂಲಕ್ಕೂ ಎತ್ತರಕ್ಕೂ ನೇರ ಗೆರೆ. ಆ ಗೆರೆಯ ಎರಡು ಸಂಖ್ಯೆ ಪ್ರತಿ ಜಾಗಕ್ಕೂ ಬೇರೆ, ಬೇರೆಯವರದ್ದು ಎತ್ತಿ ಹಾಕಿದರೆ ಬರುವುದಿಲ್ಲ. ಹೆಚ್ಚಿನವರು ಸೋತದ್ದು ಇಲ್ಲೇ ಅಂತ ನನ್ನ ಅನಿಸಿಕೆ. ಗಾಳಿಯ ದಿಕ್ಕು ನೋಡಿ ಪರದೆಯ ಯಾವ ತುಂಡು ಆರಿಸುತ್ತೇನೆ ಅನ್ನುವುದನ್ನು ಮಾತ್ರ ಈಗ ಹೇಳುವುದಿಲ್ಲ.

ಮಧ್ಯೆ ಇನ್ನೊಂದು ಹುಚ್ಚು ಹಿಡಿಯಿತು. 12 ಸೆಕೆಂಡಿನ ಅಲೆ ಆಳ ಸಮುದ್ರದಲ್ಲಿ 225 ಮೀಟರ್ ಉದ್ದ, 10 ಮೀಟರ್ ನೀರಿಗೆ ಬಂದರೆ 113. ಹಾಗಾದರೆ ಉದ್ದ ನೋಡಿ ಆಳ ಹೇಳಬಹುದಲ್ಲ? ಸೆಟ್ಟನ್ನು ಉದ್ಯಾವರ ಹೊಳೆಯ ಅಳಿವೆ ಹತ್ತಿರ ಒಯ್ದು ನೋಡಿದೆ. ಹೊರಗಿನ ನೀರಲ್ಲಿ, ಹಗ್ಗಕ್ಕೆ ಸೀಸ ಕಟ್ಟಿ ಅಳೆದದ್ದಕ್ಕೆ ಅರ್ಧ ಮುಕ್ಕಾಲು ಮೀಟರ್ ಫರಕು ಅಷ್ಟೆ. ಅಲೆ ಒಡೆಯುವ ಜಾಗದಲ್ಲಿ ಮಾತ್ರ ಲೆಕ್ಕ ಪೂರ್ತಿ ತಪ್ಪುತ್ತದೆ. ಮಳೆಗಾಲ ಮುಗಿದ ಮೇಲೆ ಮರಳ ದಿಬ್ಬ ಎಲ್ಲಿಗೆ ಸರಿಯುತ್ತದೆ ಅಂತ ಈಗ ಅದರ ಹಿಂದೆ ಬಿದ್ದಿದ್ದೇನೆ. ಮಾಡಲು ಹೊರಡುವವರು ವೈರ್‌ಲೆಸ್ ಲೈಸೆನ್ಸಿನ ಕಾಗದಪತ್ರ ಮೊದಲೇ ಶುರು ಮಾಡಿ, ರಾಡಾರ್ ಆಮೇಲೆ ಕೊಳ್ಳಿ.