ಕ್ಲೋರಿನ್ ಲೆಕ್ಕ ತಪ್ಪಿದ್ದು ಎಲ್ಲಿ

ಕುಡಿಯುವ ನೀರಿನ ಪೈಪುಗಳಲ್ಲಿ ಕ್ಲೋರಿನ್ ಎಷ್ಟು ದೂರ ಉಳಿಯುತ್ತದೆ ಅನ್ನೋದು ನನ್ನ ಪಿಎಚ್‌ಡಿ ವಿಷಯ. ನಲ್ಲಿಗೆ ಬರುವಷ್ಟರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಅಳೆಯುತ್ತಿದ್ದ ಬಡಾವಣೆಗೆ ನೀರು ಒಳಬರುವಾಗ 0.8 ಇತ್ತು. ಕೊನೆಯ ನಲ್ಲಿಯಲ್ಲಿ 0.66 ಇರಬೇಕು ಎಂದಿತ್ತು ನನ್ನ ಇಪಾನೆಟ್ ಮಾಡೆಲ್ (ಪೈಪು ಜಾಲದಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ). ಹೋಗಿ ಅಳೆದರೆ ಸಿಕ್ಕಿದ್ದು 0.2.

ಮೂರು ಸಲ ಅಳೆದೆ. ಡಿಪಿಡಿ ಪುಡಿ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಲೋರಿನ್ ಜಾಸ್ತಿ ಇದ್ದಷ್ಟೂ ಬಣ್ಣ ಗಾಢ. ಅಲ್ಲಿನ ಬಣ್ಣ ಎಷ್ಟು ತೆಳು ಎಂದರೆ, ಹಿಂದೆ ಬಿಳಿ ಹಾಳೆ ಹಿಡಿದಾಗಲೇ ಸರಿಯಾಗಿ ಕಂಡದ್ದು.

ಕ್ಲೋರಿನ್ ಎರಡು ರೀತಿಯಲ್ಲಿ ಖರ್ಚಾಗುತ್ತದೆ. ನೀರಿನಲ್ಲೇ ಇರುವ ಸಾವಯವ ಅಂಶಗಳು ಒಂದಿಷ್ಟು ತಿನ್ನುತ್ತವೆ. ಪೈಪಿನ ಗೋಡೆಗೆ ಅಂಟಿದ ತುಕ್ಕು, ಲೋಳೆ ಇನ್ನೊಂದಿಷ್ಟು ತಿನ್ನುತ್ತವೆ. ಪೈಪು ಸಣ್ಣದಾದಷ್ಟೂ ಗೋಡೆಯ ಪಾಲು ಜಾಸ್ತಿ. 300 ಮಿಮೀ ಪೈಪಿಗೆ ಹೋಲಿಸಿದರೆ 100 ಮಿಮೀ ಪೈಪಿನಲ್ಲಿ ಒಂದೊಂದು ಲೀಟರ್ ನೀರಿಗೂ ಮೂರು ಪಟ್ಟು ಗೋಡೆ ತಾಗುತ್ತದೆ.

ನೀರಿನ ಪಾಲನ್ನು ಅಳೆಯುವುದು ಸುಲಭ, ತಾಳ್ಮೆ ಬೇಕು ಅಷ್ಟೆ. ಕಂದು ಗಾಜಿನ ಸಣ್ಣ ಬಾಟಲಿಗಳನ್ನು ಕ್ಲೋರಿನ್ ನೀರಿನಲ್ಲಿ ನೆನೆಸಿ ತೊಳೆಯಬೇಕು. ಇಲ್ಲದಿದ್ದರೆ ಗಾಜಿನ ಕೊಳೆಯೇ ಕ್ಲೋರಿನ್ ತಿಂದುಬಿಡುತ್ತದೆ. ಒಳಗೆ ಗಾಳಿ ಉಳಿಯದಂತೆ ತುಂಬಿಸಿ, ಒಂದೇ ಉಷ್ಣತೆಯಲ್ಲಿ ಕತ್ತಲಲ್ಲಿಟ್ಟು, ಒಂದೊಂದು ಹೊತ್ತಿಗೆ ಒಂದೊಂದು ಬಾಟಲಿ ತೆರೆದು ಅಳೆಯಬೇಕು. ಮೊದಲ ಸಲ ನಾನು ಒಂದೇ ದೊಡ್ಡ ಬಾಟಲಿಯನ್ನು ಮತ್ತೆ ಮತ್ತೆ ತೆರೆದೆ. ಆ ವಾರದ ಕೆಲಸವೆಲ್ಲ ಹಾಳಾಯಿತು. ಎರಡನೇ ಸಲ ದಿನಕ್ಕೆ 0.5 ಎಂಬ ದರ ಬಂತು. ಇದು ಮಿಲಿಗ್ರಾಂ ಲೆಕ್ಕ ಅಲ್ಲ, ಆಯಾ ಹೊತ್ತಿಗೆ ಉಳಿದಿರುವ ಕ್ಲೋರಿನ್‌ಗೆ ತಕ್ಕಂತೆ ಅದು ಎಷ್ಟು ಬೇಗ ಖರ್ಚಾಗುತ್ತದೆ ಎಂಬ ಲೆಕ್ಕ. ಅಂದರೆ ನೀರು ಸುಮ್ನೆ ಬಾಟಲಿಯಲ್ಲೇ ಇದ್ದರೆ ಕ್ಲೋರಿನ್ ಅರ್ಧಕ್ಕೆ ಇಳಿಯಲು ಸುಮಾರು 33 ಗಂಟೆ ಬೇಕು.

ಮಾಡೆಲ್‌ನಲ್ಲಿ ನೀರು ಆ ನಲ್ಲಿ ಮುಟ್ಟಲು 9 ಗಂಟೆ. ಅಷ್ಟರಲ್ಲಿ 0.8 ಇದ್ದದ್ದು 0.2ಕ್ಕೆ ಇಳಿಯಬೇಕಾದರೆ ಒಟ್ಟು ದರ ದಿನಕ್ಕೆ 3.7 ಆಗಬೇಕು. ನೀರಿನ 0.5 ಕಳೆದರೆ ಗೋಡೆಯ ಪಾಲು 3.2. ಹಳೆಯ ಬೀಡುಕಬ್ಬಿಣದ ಪೈಪು, ಇರಬಹುದು ಅಂದುಕೊಂಡೆ. ಆ ಸಂಖ್ಯೆ ಹಾಕಿದ ಕೂಡಲೇ ಗ್ರಾಫ್ ಚೆನ್ನಾಗಿ ಕೂತಿತು. ಪ್ರಬಂಧದ ಕರಡನ್ನೂ ಬರೆದೆ.

ಕರಡು ಓದಿದ ನನ್ನ ಗೈಡ್ ಒಂದೇ ಪ್ರಶ್ನೆ ಕೇಳಿದರು: "ಒಂಬತ್ತು ಗಂಟೆ ಅಂತ ಯಾರು ಹೇಳಿದ್ದು?"

ಮಾಡೆಲ್ ಹೇಳಿದ್ದು, ಅಷ್ಟೆ. ಒತ್ತಡದ ಅಳತೆಗಳಿಗೆ ಅದನ್ನು ಚೆನ್ನಾಗಿಯೇ ಹೊಂದಿಸಿದ್ದೆ. ಆದರೆ ಹರಿವು ಕಡಿಮೆ ಇರುವ ಪೈಪುಗಳಲ್ಲಿ ಒತ್ತಡ ಹೆಚ್ಚೇನೂ ಇಳಿಯುವುದಿಲ್ಲ. ನೀರು ಯಾವ ದಾರಿಯಲ್ಲಿ ಹೋದರೂ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಇದು ನನಗೆ ಆಗ ಹೊಳೆದಿರಲಿಲ್ಲ.

ಅನುಮತಿ ಪಡೆದು, ನೀರು ಒಳಬರುವ ಜಾಗದಲ್ಲಿ ಸ್ವಲ್ಪ ಹೊತ್ತು ಅಡುಗೆ ಉಪ್ಪಿನ ದ್ರಾವಣ ಬಿಟ್ಟೆವು. ರುಚಿಗೂ ತಿಳಿಯದಷ್ಟು. ಉಪ್ಪು ಬಂದರೆ ನೀರಿನ ವಿದ್ಯುತ್ ವಾಹಕತೆ ಏರುತ್ತದೆ, ಹಾಗಾಗಿ ನಲ್ಲಿಯ ಹತ್ತಿರ ಮೀಟರ್ ಇಟ್ಟು ಕಾದೆವು. 9 ಗಂಟೆಯಾಯಿತು, 12 ಆಯಿತು, ಅಂಕಿ ಅಲುಗಲಿಲ್ಲ. ಏರಿದ್ದು 16ನೇ ಗಂಟೆಗೆ. ನಕ್ಷೆಯಲ್ಲಿ ತೆರೆದಿದೆ ಎಂದಿದ್ದ ಒಂದು ವಾಲ್ವ್ ನಿಜದಲ್ಲಿ ಮುಚ್ಚಿತ್ತು. ನೀರು ಅದೇ ಅಳತೆಯ, ಅದೇ ಕಾಲದ ಬೇರೆ ಪೈಪಿನಲ್ಲಿ ಸುತ್ತಿ ಬರುತ್ತಿತ್ತು.

16 ಗಂಟೆ ಇಟ್ಟು ಲೆಕ್ಕ ಹಾಕಿದರೆ ಒಟ್ಟು ದರ 2.1, ಗೋಡೆಯ ಪಾಲು 1.6. ಮೊದಲಿನದರ ಅರ್ಧ! ನಾನು ತುಕ್ಕಿನ ತಲೆಗೆ ಕಟ್ಟಿದ್ದರಲ್ಲಿ ಅರ್ಧದಷ್ಟು ವಾಲ್ವ್‌ನದು. ಆ ಕರಡು ಅಚ್ಚಾಗಿದ್ದರೆ ಬೇರೆಯವರು ಆ 3.2 ಅನ್ನು ತಮ್ಮ ಪೈಪುಗಳಿಗೆ ಬಳಸುತ್ತಿದ್ದರು, ಅಲ್ವಾ? ಆ ಯೋಚನೆ ಈಗಲೂ ನನ್ನನ್ನು ಕಾಡುತ್ತದೆ.

ವಾಲ್ವ್ ತೆರೆದ ಮೇಲೆ ಇನ್ನೊಮ್ಮೆ ಉಪ್ಪು ಬಿಟ್ಟೆವು. ಒಂಬತ್ತೂವರೆ ಗಂಟೆಗೆ ಬಂತು. ಹಳೆಯ ದರದ ಪ್ರಕಾರ ಕ್ಲೋರಿನ್ 0.18 ಇರಬೇಕು, ಹೊಸದರ ಪ್ರಕಾರ 0.35. ನಲ್ಲಿಯ ಕೆಳಗೆ ಕೂತು ಪುಡಿ ಹಾಕಿ ಅಲುಗಿಸಿದೆ. ಈ ಸಲ ಬಿಳಿ ಹಾಳೆ ಬೇಕಾಗಲಿಲ್ಲ. 0.33.