ಅಣಬೆ ಚೀಲ ಕೈಕೊಟ್ಟರೆ ನಾನು ಮೊದಲು ನೋಡುವುದು

ಸಿಂಪಿ ಅಣಬೆ ಬೆಳೆಯುವುದು ಕುದಿಸಿದ ಹುಲ್ಲನ್ನು ಅಣಬೆ ಬೀಜದ ಜೊತೆ ಚೀಲಕ್ಕೆ ತುಂಬಿ. ದಾವಣಗೆರೆಯಲ್ಲಿ ಅದನ್ನು ಬೆಳೆಯುವವರಿಗೆ ಹುಲ್ಲಿನ ಚಿಂತೆಯಿಲ್ಲ. ಭದ್ರಾ ನಾಲೆಯ ಕಡೆ ಹೋದರೆ ಭತ್ತದ ಹುಲ್ಲು ಬೇಕಾದಷ್ಟಿದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಗದ್ದೆಯಲ್ಲಿ ಮಳೆಗೆ ನೆಂದು ಕಪ್ಪಾದ ಹುಲ್ಲನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಚೀಲದಲ್ಲಿ ಹಸಿರು ಬೂಷ್ಟು ಬಂದರೆ ಹೆಚ್ಚಿನವರು ಬೀಜವನ್ನು ಬೈಯುತ್ತಾರೆ. ನಾನು ಮೊದಲು ಅನುಮಾನಪಡುವುದು ಹುಲ್ಲನ್ನು. ಕುದಿಸಿದ್ದು ಸಾಲದಿದ್ದರೆ, ಇಲ್ಲವೇ ನೀರು ಜಾಸ್ತಿ ಉಳಿದಿದ್ದರೆ ಬೂಷ್ಟಿಗೆ ಹಬ್ಬ. ನೀರು ಬಸಿದ ಮೇಲೆ ಒಂದು ಹಿಡಿ ಹುಲ್ಲನ್ನು ಗಟ್ಟಿಯಾಗಿ ಹಿಂಡಿ ನೋಡುತ್ತೇನೆ. ಅಂಗೈ ಒದ್ದೆಯಾಗಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ಹನಿ ಬಿದ್ದರೆ ಇನ್ನಷ್ಟು ಹೊತ್ತು ನೆರಳಲ್ಲಿ ಹರಡುತ್ತೇನೆ. ಬೂಷ್ಟು ಹಿಡಿದ ಚೀಲವನ್ನು ಕೋಣೆಯೊಳಗೆ ಬಿಚ್ಚುವುದೇ ಇಲ್ಲ. ಪುಡಿ ಹಾರಿದರೆ ಪಕ್ಕದ ಚೀಲಗಳೂ ಹೋದವು ಅಂತಲೇ ಲೆಕ್ಕ.

ಬೂಷ್ಟಿಗಿಂತ ನನ್ನ ತಲೆ ತಿಂದದ್ದು ಗಾಳಿ. ಅಣಬೆಯ ತೊಟ್ಟು ಉದ್ದುದ್ದ, ಕೊಡೆ ಮಾತ್ರ ಅಂಗಿ ಗುಂಡಿಯಷ್ಟು. ಮುಚ್ಚಿದ ಕೋಣೆಯಲ್ಲಿ ಅಣಬೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲೇ ತುಂಬಿಕೊಂಡರೆ ಹೀಗಾಗುತ್ತದೆ. ಕಿಟಕಿ ತೆಗೆದೆ. ನಮ್ಮೂರಿನ ಒಣಗಾಳಿ ಗೊತ್ತಲ್ಲ, ಈಗ ಮೊಗ್ಗುಗಳು ಹಳದಿಯಾಗಿ ಮುರುಟಿದವು. "ಮುಚ್ಚಿದ್ರೂ ಕಷ್ಟ, ತೆಗೆದ್ರೂ ಕಷ್ಟ, ಇದೇನು ಬಾಣಂತಿ ಕೋಣೆನಾ?" ಅಂದರು ಅತ್ತೆ. ಅವರ ಮಾತಿಗೆ ನಗು ಬಂದರೂ ಸಮಸ್ಯೆ ಇದ್ದದ್ದು ಸರಿಯಾಗಿ ಅಲ್ಲೇ. ಕೊನೆಗೆ ಕಿಟಕಿಗೆ ಸೊಳ್ಳೆ ಪರದೆ ಹೊಡೆದು, ಒಳಗಡೆ ಒದ್ದೆ ಗೋಣಿಚೀಲ ಇಳಿಬಿಟ್ಟೆವು. ಗಾಳಿ ಬರುತ್ತದೆ, ತೇವ ಹೊತ್ತೇ ಬರುತ್ತದೆ. ಚೀಲದ ಸುತ್ತ ಗಿರಕಿ ಹೊಡೆಯುವ ಸಣ್ಣ ನೊಣಗಳ ಕಾಟವೂ ಕಮ್ಮಿಯಾಯಿತು.

ನೀರು ಚಿಮುಕಿಸುವುದು ಗೋಡೆಗೆ, ನೆಲಕ್ಕೆ, ಗೋಣಿಗೆ. ಎಳೆ ಮೊಗ್ಗಿನ ಮೇಲೆ ನೇರವಾಗಿ ಸುರಿದರೆ ಅವು ಕೊಳೆತು ಕಂದುಬಣ್ಣಕ್ಕೆ ತಿರುಗುತ್ತವೆ. ಕೊಡೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೀಳುತ್ತೇನೆ. ತಡವಾದರೆ ಬಿಳಿ ಪುಡಿ ಉದುರುತ್ತದೆ, ಅದು ಕೆಲವರಿಗೆ ಕೆಮ್ಮು ತರಿಸುತ್ತದೆ. ಕಿತ್ತ ಜಾಗದಲ್ಲಿ ಬುಡದ ಚೂರನ್ನೂ ಬಿಡುವುದಿಲ್ಲ, ನೊಣಕ್ಕೆ ಅದೇ ಬೇಕು.

ಏಪ್ರಿಲ್‌ನಲ್ಲಿ ಮಾತ್ರ ಯಾವ ಗೋಣಿಯೂ ಸಾಲದು. ಆಗ ಸಿಂಪಿ ಅಣಬೆ ಬಿಟ್ಟು ಹಾಲು ಅಣಬೆಗೆ ಇಳಿಯುತ್ತೇನೆ. 30ರಿಂದ 35 ಡಿಗ್ರಿ ಅದಕ್ಕೆ ಹಿತ. ಹುಲ್ಲಿನ ತುಂಬ ಅಣಬೆ ಎಳೆಗಳ ಬಿಳಿ ಬಲೆ ಪೂರ್ತಿ ಹಬ್ಬಿದ ಮೇಲೆ ಚೀಲದ ಬಾಯಿಗೆ ಹಬೆಯಲ್ಲಿ ಕಾಯಿಸಿದ ಮಣ್ಣು ಹಾಸಬೇಕು, ಅದೊಂದು ಹೆಚ್ಚಿನ ಕೆಲಸ.