ಮೈನಸ್ ಇಪ್ಪತ್ತೈದರಲ್ಲಿ ವಿ6 ಕ್ಯಾಮ್ರಿ: ಚಳಿಗಾಲದ ಮೈಲೇಜ್ ಬಗ್ಗೆ ನನ್ನ ಅನುಭವ

ಮೂರೂವರೆ ಲೀಟರಿನ ವಿ6, ಅಂದರೆ ಆರು ಸಿಲಿಂಡರಿನ, ಪೆಟ್ರೋಲ್ ಎಂಜಿನ್ನಿನ ಕಾರು ಕೆನಡಾದ ಎಡ್ಮಂಟನ್ನಿನ ಜನವರಿಯಲ್ಲಿ, ಅದೂ ಹತ್ತು ಕಿ.ಮೀ. ದೂರದ ಆಫೀಸಿಗೆ ಓಡಾಡುವಾಗ, ಲೀಟರಿಗೆ ಏಳು ಕಿ.ಮೀ. ದಾಟಿಸಬಲ್ಲದು ಎಂದಾಗ ಇಲ್ಲಿಯ ನಮ್ಮ ಕನ್ನಡ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ತೀರ್ಥಹಳ್ಳಿ ಕಡೆಯ ಗೆಳೆಯನಂತೂ "ಮಾರಾಯ, ಪೆಟ್ರೋಲ್ ಉಳಿಸುವ ಆಸೆ ಇದ್ದವನು ವಿ6 ತೆಗೆದುಕೊಳ್ಳುತ್ತಾನಾ? ಸುಮ್ಮನೆ ಮಾರಿ ಹೈಬ್ರಿಡ್ ತಗೋ" ಎಂದು ಚರ್ಚೆಯನ್ನೇ ಮುಗಿಸಿಬಿಟ್ಟ. ಸತತವಾಗಿ ಕೆಲವು ಚಳಿಗಾಲ ಅದೇ ಅಂಕಿ ಬಂದ ಮೇಲೆ ಅದೇ ಗೆಳೆಯ ತನ್ನ ಎಸ್‌ಯುವಿಗೂ ನನ್ನ ಕಾರಿನ ಏರ್ಪಾಡನ್ನೇ ಮಾಡಿಕೊಡುವಂತೆ ಕೇಳಿಕೊಂಡು ಬಂದಿರುವುದರಿಂದ, ಇದನ್ನು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಕಾರು 2015ರ ಮಾದರಿಯ ಟೊಯೊಟಾ ಕ್ಯಾಮ್ರಿ. 268 ಅಶ್ವಶಕ್ತಿ, ಆರು ಗೇರಿನ ಆಟೊಮ್ಯಾಟಿಕ್. ಕೆನಡಾದಲ್ಲಿ ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕುತ್ತಾರೆ, ಆದರೆ ನಾನು ನಮ್ಮೂರಿನ ರೂಢಿಯಂತೆ ಲೀಟರಿಗೆ ಎಷ್ಟು ಕಿ.ಮೀ. ಎಂದೇ ಹೇಳುತ್ತೇನೆ. ಅಮೆರಿಕದ ಅಧಿಕೃತ ಅಂಕಿಯನ್ನು ಈ ಲೆಕ್ಕಕ್ಕೆ ತಿರುಗಿಸಿದರೆ ಈ ಕಾರು ನಗರದಲ್ಲಿ ಸುಮಾರು 9, ಹೆದ್ದಾರಿಯಲ್ಲಿ 13 ಕೊಡಬೇಕು. ಬೇಸಿಗೆಯಲ್ಲಿ ನನಗೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಮೊದಲ ಚಳಿಗಾಲದಲ್ಲಿ ಮಾತ್ರ ಅದು ಐದೂವರೆಗೆ ಕುಸಿಯಿತು. ರಿಮೋಟ್ ಸ್ಟಾರ್ಟ್ ಹಾಕಿಸಿದ ಮೇಲೆ ನಾಲ್ಕು ಚಿಲ್ಲರೆಗೆ ಇಳಿಯಿತು.

ದೊಡ್ಡ ಎಂಜಿನ್ ಎಂದರೆ ಬೇಗ ಬಿಸಿಯಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ, ವಾಸ್ತವ ಅದಕ್ಕೆ ತದ್ವಿರುದ್ಧ. ಗಂಟೆಗೆ ಐವತ್ತು ಕಿ.ಮೀ. ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಸಾಗಲು ಈ ಕಾರಿಗೆ ಬೇಕಾಗುವುದು ಹತ್ತು ಅಶ್ವಶಕ್ತಿಯೊಳಗೆ. ಅಷ್ಟು ಸಣ್ಣ ಕೆಲಸದಿಂದ ಹೊರಬರುವ ಶಾಖ ಆರು ಲೀಟರ್ ಆಯಿಲ್, ಒಂಬತ್ತು ಲೀಟರಿನಷ್ಟು ಕೂಲೆಂಟ್ (ಎಂಜಿನ್ನಿನೊಳಗೆ ಹರಿದಾಡುವ ದ್ರವ) ಮತ್ತು ಅಷ್ಟೊಂದು ಅಲ್ಯೂಮಿನಿಯಮ್ ರಾಶಿಯನ್ನು ಮೈನಸ್ ಇಪ್ಪತ್ತೈದರಿಂದ ಎಂಬತ್ತೈದಕ್ಕೆ ಏರಿಸಬೇಕು. ಏರುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಹಾಗಾಗಿ ಚಳಿಗಾಲದ ಮೈಲೇಜಿನ ಸಮಸ್ಯೆಯನ್ನು ನಾನು ಕಾರು ಓಡಿಸುವ ಶೈಲಿಯ ಸಮಸ್ಯೆಯೆಂದು ನೋಡಲೇ ಇಲ್ಲ. ಶಾಖವನ್ನು ಎಲ್ಲಿಂದ ಅಗ್ಗವಾಗಿ ತರುವುದು, ತಂದದ್ದನ್ನು ಹೇಗೆ ಹಿಡಿದಿಡುವುದು ಎಂಬಷ್ಟಕ್ಕೆ ಗಮನವನ್ನು ಸೀಮಿತಗೊಳಿಸಿದೆ.

ವಿಫಲವಾದ ಪ್ರಯೋಗಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚು ಹಣ ಹೋದದ್ದು ಅಲ್ಲಿಯೇ. ರಿಮೋಟ್ ಸ್ಟಾರ್ಟಿಗೆ ನಾಲ್ಕು ನೂರು ಡಾಲರಿನ ಹತ್ತಿರ ಕೊಟ್ಟೆ. ಮನೆಯೊಳಗೆ ಕಾಫಿ ಕುಡಿಯುತ್ತ ಗುಂಡಿ ಒತ್ತಿದರೆ ಹೊರಗೆ ಕಾರು ಹದಿನೈದು ನಿಮಿಷ ಗುರುಗುಟ್ಟುತ್ತ ನಿಂತಿರುತ್ತಿತ್ತು. ತಣ್ಣಗಿರುವ ಈ ಎಂಜಿನ್ ಐಡ್ಲಿಂಗಿನಲ್ಲಿ ಗಂಟೆಗೆ ಎರಡು ಲೀಟರಿನಂತೆ ಕುಡಿಯುತ್ತದೆ, ಅಂದರೆ ಪ್ರತಿ ಸಲವೂ ಅರ್ಧ ಲೀಟರ್ ನಿಂತಲ್ಲಿಯೇ ಖಾಲಿ. ಇಷ್ಟಾದರೂ ಕೂಲೆಂಟ್ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ತೆವಳುತ್ತಿತ್ತು. ಗೇರ್‌ಬಾಕ್ಸ್ ಮತ್ತು ಟಯರುಗಳಂತೂ ಕಲ್ಲಿನಂತೆಯೇ ಉಳಿಯುತ್ತಿದ್ದವು. ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿದರೆ ಒಳಗೆ ಆವಿಯಾಗದ ನೀರು ಬೆರೆತ ಬಿಳಿಯ ಕೆನೆಯಂತಹ ಪದರ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿಗೆ ಮೂಗು ಹಿಡಿದರೆ ಪೆಟ್ರೋಲ್ ವಾಸನೆ. ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಾಗಲಿಲ್ಲ.

ಅದಾದ ಮೇಲೆ ಡಿಪ್‌ಸ್ಟಿಕ್ಕಿನ ಜಾಗದಲ್ಲಿ ತೂರಿಸುವ ಹೀಟರ್ ತಂದೆ. ಅದರ ಶಕ್ತಿ ತೊಂಬತ್ತು ವ್ಯಾಟಿನಷ್ಟು. ಆರು ಲೀಟರ್ ಆಯಿಲಿಗೆ ಅದು ಯಾವ ಮೂಲೆಗೂ ಸಾಲದು. ಬಳಿಕ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನಿಗೆ ಅಂಟಿಸುವ ಆಯಸ್ಕಾಂತದ ಹೀಟರ್ ತಂದರೆ, ನನ್ನ ಪ್ಯಾನಿನಲ್ಲಿ ಉಕ್ಕಿನ ಭಾಗ ಚಿಕ್ಕದು, ಉಳಿದದ್ದು ಅಲ್ಯೂಮಿನಿಯಮ್. ರಸ್ತೆಯ ಗುಂಡಿಯೊಂದರಲ್ಲಿ ಅದು ಕಳಚಿಕೊಂಡು ಎಲ್ಲಿಯೋ ಬಿದ್ದುಹೋಯಿತು. ಕಾರಿನೊಳಗೆ ಇಡುವ ಒಂಬೈನೂರು ವ್ಯಾಟಿನ ಹೀಟರನ್ನೂ ಒಂದು ಚಳಿಗಾಲ ಬಳಸಿದ್ದೇನೆ. ಸೀಟು ಬೆಚ್ಚಗಾಗುವುದೇನೋ ನಿಜ, ಆದರೆ ಎಂಜಿನ್ನಿಗೆ ಅದರಿಂದ ಚೂರೂ ಲಾಭವಿಲ್ಲ. ಪಕ್ಕದ ಪ್ಲಾಸ್ಟಿಕ್ ಸೊಟ್ಟಗಾಗಿದ್ದನ್ನು ನೋಡಿದ ದಿನವೇ ಅದನ್ನು ತೆಗೆದಿಟ್ಟೆ. ಇವೆಲ್ಲ ಸೇರಿ ಐದು ನೂರು ಡಾಲರ್ ದಾಟಿರಬೇಕು.

ದಾರಿ ಕಂಡದ್ದು ಮೂವತ್ತು ಡಾಲರಿನ ಒಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಸಾಧನ) ಹಾಕಿ ಫೋನಿನಲ್ಲಿ ಕೂಲೆಂಟಿನ ತಾಪಮಾನ ನೋಡತೊಡಗಿದ ಮೇಲೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಅದು ಸುಮಾರು ವಿಸ್ತಾರವಾದ ತಾಪಮಾನದ ವ್ಯಾಪ್ತಿಯಲ್ಲಿ ನಡುವಿನಲ್ಲಿಯೇ ನಿಂತಿರುತ್ತದೆ. ನನ್ನ ಕಾರು ಆಂಥೊನಿ ಹೆಂಡೆ ವರ್ತುಲ ರಸ್ತೆಯಲ್ಲಿ ನೂರರ ವೇಗದಲ್ಲಿ ಓಡುವಾಗ ಕೂಲೆಂಟ್ 82 ಮುಟ್ಟಿ ಮತ್ತೆ 68ಕ್ಕೆ ಜಾರುತ್ತಿತ್ತು. ಹಿಂದಿನ ಮಾಲೀಕರು ಹಾಕಿಸಿದ್ದ ಅಗ್ಗದ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಕವಾಟ, ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಕಂಪನಿಯ ಅಸಲಿ ಥರ್ಮೋಸ್ಟಾಟ್, ಹೊಸ ಕೂಲೆಂಟ್ ಎರಡನ್ನೂ ನಾನೇ ಹಾಕಿಕೊಂಡೆ. ಗ್ಯಾರೇಜಿನವರು ಕೇಳಿದ್ದು ಮುನ್ನೂರಕ್ಕೂ ಹೆಚ್ಚು, ನನಗೆ ಮುಗಿದದ್ದು ನೂರಿಪ್ಪತ್ತರಲ್ಲಿ. ಇದೊಂದರಿಂದಲೇ ಹೆದ್ದಾರಿಯ ಮೈಲೇಜಿನಲ್ಲಿ ಅರ್ಧ ಕಿ.ಮೀ.ಗಿಂತ ಹೆಚ್ಚು ಮರಳಿತು.

ಇನ್ನು ಬ್ಲಾಕ್ ಹೀಟರ್, ಅಂದರೆ ನಿಂತಿರುವ ಎಂಜಿನ್ನನ್ನು ಕರೆಂಟಿನಿಂದ ಕಾಯಿಸುವ ಸಾಧನ. ಇದು ಹೊಸದೇನಲ್ಲ, ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಎಂಬವರು ಇಂತಹ ಹೀಟರಿಗೆ ಪೇಟೆಂಟ್ ಪಡೆದದ್ದು 1949ರಲ್ಲಿ. ನಮ್ಮ ಆಲ್ಬರ್ಟಾದಲ್ಲಿ ಕಾರಿನ ಗ್ರಿಲ್ಲಿನಿಂದ ವೈರು ಜೋತಾಡುವುದು ಸಾಮಾನ್ಯ ದೃಶ್ಯ. ಆದರೆ ಜನ ಅದನ್ನು ಕಾರು ಸ್ಟಾರ್ಟ್ ಆಗಲಿ ಎಂಬುದಕ್ಕಾಗಿ, ಮೈನಸ್ ಮೂವತ್ತರ ರಾತ್ರಿಗಳಲ್ಲಿ ಮಾತ್ರ, ಅದೂ ಸಂಜೆಯಿಂದ ಬೆಳಗಿನವರೆಗೆ ಚುಚ್ಚಿಡುತ್ತಾರೆ. ನಾನು ಸೊನ್ನೆಗಿಂತ ಕೆಳಗೆ ಹೋದ ಪ್ರತಿ ಬೆಳಿಗ್ಗೆಯೂ ಬಳಸುತ್ತೇನೆ, ಆದರೆ ಎರಡೂವರೆ ಗಂಟೆ ಮಾತ್ರ. ನನ್ನದು ನಾಲ್ಕು ನೂರು ವ್ಯಾಟಿನದು. ಫೋನಿನಲ್ಲಿ ನೋಡುತ್ತ ಹೋದಾಗ ಮೊದಲ ಗಂಟೆಯಲ್ಲಿ ತಾಪ ಚೆನ್ನಾಗಿ ಏರುತ್ತದೆ, ಎರಡನೆಯದರಲ್ಲಿ ನಿಧಾನವಾಗಿ ಏರುತ್ತದೆ, ಮೂರನೆಯ ಗಂಟೆಯಲ್ಲಿ ಒಳಗೆ ಹೋದಷ್ಟೇ ಶಾಖ ಹೊರಗೂ ಹೋಗಿ ಅಂಕಿ ನಿಂತಲ್ಲಿಯೇ ನಿಲ್ಲುತ್ತದೆ. ರಾತ್ರಿಯಿಡೀ ಚುಚ್ಚಿಟ್ಟವರು ಉಳಿದ ಆರೇಳು ಗಂಟೆ ಮನೆಯಂಗಳಕ್ಕೆ ಶಾಖ ಕೊಡುತ್ತಾರೆ. ನ್ಯಾಚುರಲ್ ರಿಸೋರ್ಸಸ್ ಕೆನಡಾ ಎಂಬ ಸರ್ಕಾರಿ ಇಲಾಖೆ ಕೂಡ ಎರಡು ಗಂಟೆ ಮೊದಲು ಟೈಮರ್ ಹಾಕಿದರೆ ಸಾಕು ಎನ್ನುತ್ತದೆ, ಮೈನಸ್ ಇಪ್ಪತ್ತರಲ್ಲಿ ಶೇಕಡಾ 10ರವರೆಗೆ ಇಂಧನ ಉಳಿಯಬಹುದೆಂದೂ ಹೇಳುತ್ತದೆ. ನನ್ನ ಅನುಭವದಲ್ಲಿ ಹತ್ತಿರದ ಓಡಾಟಕ್ಕೆ ಲಾಭ ಅದಕ್ಕಿಂತ ಹೆಚ್ಚೇ ಇದೆ.

ಹೀಟರಿನ ಎಲಿಮೆಂಟ್ ತೊಂಬತ್ತು ಡಾಲರ್, ಕೂರಿಸಿದ ಕೂಲಿ ಅದರ ಎರಡರಷ್ಟು. ಕೂರಿಸಿದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ: ಬಾನೆಟ್ ತೆರೆದು, ಪ್ಲಗ್ ಚುಚ್ಚಿ, ಕಿವಿಗೊಟ್ಟರೆ ಒಂದು ನಿಮಿಷದೊಳಗೆ ಕೂಲೆಂಟಿನಲ್ಲಿ ಸಣ್ಣಗೆ ಸುಯ್ ಎನ್ನುವ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ಹೆಚ್ಚಾಗಿ ತೊಂದರೆ ಇರುವುದು ವೈರಿನಲ್ಲಿ. ಮೈನಸ್ ಮೂವತ್ತರಲ್ಲಿ ಸಾಮಾನ್ಯ ಎಕ್ಸ್‌ಟೆನ್ಶನ್ ವೈರು ಕಡ್ಡಿಯಂತೆ ಸೆಟೆದು ಮೇಲಿನ ಪದರ ಸೀಳಿಬಿಡುತ್ತದೆ. ಚಳಿಗೆಂದೇ ಮಾಡಿದ, ದಪ್ಪ ತಂತಿಯ ವೈರಿಗೆ ನಲವತ್ತು ಡಾಲರ್ ಕೊಡಲು ಹಿಂದೆಮುಂದೆ ನೋಡಬಾರದು. ಗ್ರಿಲ್ಲಿನ ಹೊರಗಿರುವ ಪ್ಲಗ್ಗಿನ ಕಡ್ಡಿಗಳಿಗೆ ರಸ್ತೆಯ ಉಪ್ಪುನೀರು ಮೆತ್ತಿಕೊಂಡು ಹಸಿರು ಪಾಚಿಯಂತಹ ತುಕ್ಕು ಬರುತ್ತದೆ. ವಾರಕ್ಕೊಮ್ಮೆ ಒರೆಸಿ ಮುಚ್ಚಳ ಹಾಕುವುದು ನನ್ನ ಅಭ್ಯಾಸ. ಹೊರಗೆ ಮೈನಸ್ 22 ಇದ್ದ ದಿನ ನನ್ನ ಕೂಲೆಂಟ್ ಸೆನ್ಸರ್ ಸ್ಟಾರ್ಟ್ ಮಾಡುವ ಮೊದಲೇ ಪ್ಲಸ್ ಹತ್ತರ ಮೇಲೆ ತೋರಿಸುತ್ತದೆ, ಎಂಜಿನ್ ಏಪ್ರಿಲ್ ತಿಂಗಳೆಂದು ತಿಳಿದು ಅಷ್ಟೇ ಪೆಟ್ರೋಲ್ ಬೇಡುತ್ತದೆ.

ಶಾಖ ಹಿಡಿದಿಡುವ ಕೆಲಸಕ್ಕೆ ಖರ್ಚಾದದ್ದು ಹನ್ನೆರಡು ಡಾಲರ್. ಚುನಾವಣೆಯ ಸಮಯದಲ್ಲಿ ಹುಲ್ಲುಹಾಸಿನ ಮೇಲೆ ನೆಡುವ ಫಲಕಗಳಿಗೆ ಬಳಸುವ ಸುಕ್ಕುಸುಕ್ಕಾದ ಟೊಳ್ಳು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಕೆಳಗಿನ ಗ್ರಿಲ್ಲಿನ ಹಿಂಬದಿಗೆ ಕೂರಿಸಿದೆ. ಹೊಸ ಕಾರುಗಳಲ್ಲಿ ಮೋಟಾರಿನಿಂದ ತೆರೆದು ಮುಚ್ಚುವ ಗ್ರಿಲ್ ಶಟರುಗಳು ಮಾಡುವ ಕೆಲಸವನ್ನೇ ಇದು ಬಡವನ ರೀತಿಯಲ್ಲಿ ಮಾಡುತ್ತದೆ. ಹಾಳೆಯ ಒಳಗಿನ ಕೊಳವೆಗಳು ಅಡ್ಡಡ್ಡವಾಗಿ ಬರುವಂತೆ ಕತ್ತರಿಸಿದರೆ ಗಾಳಿಯ ಒತ್ತಡಕ್ಕೆ ಬಾಗುವುದಿಲ್ಲ. ಹಾಳೆ ಅದುರದಂತೆ, ಬಣ್ಣಕ್ಕೆ ಗೀರು ಬೀಳದಂತೆ, ಎರಡೇ ನಿಮಿಷದಲ್ಲಿ ಬಿಚ್ಚುವಂತೆ ಅದನ್ನು ನಾನು ಹೇಗೆ ಹಿಡಿದು ನಿಲ್ಲಿಸಿದ್ದೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಬಳಗದ ಮೂರ್ನಾಲ್ಕು ಮಂದಿಗೆ ಮಾಡಿಕೊಡುವಾಗ ಒಂದೊಂದು ಊಟ ಸಿಕ್ಕಿದೆ, ಅದು ನಿಲ್ಲುವುದು ಬೇಡ.

ಗ್ರಿಲ್ ಪೂರ್ತಿ ಮುಚ್ಚಬಾರದು. ಪೂರ್ತಿ ಮುಚ್ಚಿ ನೋಡಿದ್ದೇನೆ: ಮೈನಸ್ ಇಪ್ಪತ್ತರಲ್ಲಿ ಕೂಲೆಂಟ್ 86ರಲ್ಲಿ ನಿಶ್ಚಿಂತೆಯಾಗಿತ್ತು, ಆದರೆ ಪರ್ವತಗಳ ಕಡೆಯಿಂದ ಬರುವ ಬೆಚ್ಚನೆಯ ಚಿನೂಕ್ ಗಾಳಿ ಬೀಸಿ ಅಪರಾಹ್ನ ಸೊನ್ನೆಯ ಮೇಲೆ ಬಂದಾಗ ಸಿಗ್ನಲ್ಲಿನಲ್ಲಿ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗತೊಡಗಿತು. ಈಗ ಮೈನಸ್ ಹತ್ತರ ಕೆಳಗೆ ಮುಕ್ಕಾಲು ಭಾಗ, ಅದರ ಮೇಲೆ ಅರ್ಧ ಮುಚ್ಚುತ್ತೇನೆ, ಸೊನ್ನೆ ದಾಟಿದರೆ ಪೂರ್ತಿ ತೆರೆದಿಡುತ್ತೇನೆ. ಫೋನಿನಲ್ಲಿ 98 ಡಿಗ್ರಿಗೆ ಎಚ್ಚರಿಕೆಯ ಗಂಟೆ ಇಟ್ಟಿದ್ದೇನೆ. ಒಬಿಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವವರಿಗೆ ನನ್ನ ಬೆಂಬಲವಿಲ್ಲ.

ಓಡಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ, ತೀರಾ ಮೂವತ್ತರ ಚಳಿಯಲ್ಲಿ ಎರಡು ನಿಮಿಷ ಕಾದು ಹೊರಡುತ್ತೇನೆ. ಮೊದಲ ಎರಡು ಮೂರು ಕಿ.ಮೀ. ಹಗುರವಾದ ಕಾಲು. ಕ್ಯಾಬಿನ್ನಿನ ಹೀಟರ್ ಕೂಡ ಎಂಜಿನ್ನಿನ ಶಾಖ ಕಸಿಯುವ ಒಂದು ರೇಡಿಯೇಟರೇ ಎಂಬುದನ್ನು ಮರೆಯಬಾರದು. ಬ್ಲೋವರ್ ಪೂರ್ತಿ ಹಾಕಿದರೆ ಏರುತ್ತಿದ್ದ ತಾಪ ಕಣ್ಣೆದುರಿಗೇ ನಿಂತುಬಿಡುತ್ತದೆ. ಬ್ಲಾಕ್ ಹೀಟರ್ ಇಲ್ಲದ ಕಾಲದಲ್ಲಿ ಐವತ್ತು ಡಿಗ್ರಿ ಆಗುವವರೆಗೆ ಬ್ಲೋವರ್ ಬೇಡವೆಂದು ಹಟ ಹಿಡಿದಿದ್ದೆ. "ರೀ, ಗಾಜೆಲ್ಲ ಮಂಜಾಗಿದೆ, ಎರಡು ರೂಪಾಯಿ ಪೆಟ್ರೋಲಿಗೆ ಪ್ರಾಣ ಕಳೆದುಕೊಳ್ಳೋಣವಾ?" ಎಂದು ಮನೆಯವರು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಈಗ ಎರಡನೆಯ ಸಿಗ್ನಲ್ ಬರುವಷ್ಟರಲ್ಲಿ ಬೆಚ್ಚನೆಯ ಗಾಳಿ ಬರುವುದರಿಂದ ಆ ವಾದ ಮುಗಿದಿದೆ.

ಟಯರಿನ ಗಾಳಿಯನ್ನು ಬೆಚ್ಚನೆಯ ಗ್ಯಾರೇಜಿನಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ)ಗೆ ತುಂಬಿಸಿಕೊಂಡು ಬಂದರೆ ಹೊರಗಿನ ಮೈನಸ್ ಹದಿನೈದಿಗೆ ಅದು 29ರ ಹತ್ತಿರ ಇಳಿಯುತ್ತದೆ, ಐದಾರು ಡಿಗ್ರಿಗೆ ಒಂದು ಪಿಎಸ್‌ಐಯಂತೆ. ಹೊರಗೇ ನಿಂತು, ಕೈ ಮರಗಟ್ಟಿದರೂ ಸರಿ, ಹೊರಗಿನ ಚಳಿಯಲ್ಲಿಯೇ ತುಂಬಬೇಕು.

ಪಕ್ಕದ ಪ್ರಯೋಗಗಳೂ ನಡೆದವು. 91 ಆಕ್ಟೇನಿನ ದುಬಾರಿ ಪೆಟ್ರೋಲನ್ನು ಒಂದು ತಿಂಗಳು ಹಾಕಿ ನೋಡಿದೆ. ಕಿಸೆ ಹಗುರಾಯಿತು, ಮೈಲೇಜ್ ಅಲುಗಲಿಲ್ಲ. 5ಡಬ್ಲ್ಯು-30 ಬಿಟ್ಟು ಚಳಿಯಲ್ಲಿ ಅದಕ್ಕಿಂತ ತೆಳುವಾಗಿ ಹರಿಯುವ 0ಡಬ್ಲ್ಯು-20 ಸಿಂಥೆಟಿಕ್ ಆಯಿಲಿಗೆ ಬಂದಾಗ ಸ್ಟಾರ್ಟರಿನ ಸದ್ದಿನಲ್ಲಿಯೇ ವ್ಯತ್ಯಾಸ ಕೇಳಿಸಿತು, ಆದರೆ ಪೆಟ್ರೋಲಿನ ಲೆಕ್ಕದಲ್ಲಿ ಹಿಡಿದು ತೋರಿಸುವಷ್ಟಲ್ಲ. 2004ರಿಂದ 2009ರವರೆಗಿನ ಪ್ರಿಯಸ್ ಎಂಬ ಟೊಯೊಟಾ ಹೈಬ್ರಿಡ್ಡಿನಲ್ಲಿ ಬಿಸಿ ಕೂಲೆಂಟನ್ನು ಫ್ಲಾಸ್ಕಿನಲ್ಲಿ ಕಾಪಿಟ್ಟು ಮರುದಿನ ಎಂಜಿನ್ನಿಗೆ ಹಾಯಿಸುವ ವ್ಯವಸ್ಥೆಯಿತ್ತು. ಗುಜರಿಯಿಂದ ಅದನ್ನು ತಂದು ಕ್ಯಾಮ್ರಿಗೆ ಜೋಡಿಸುವ ಹುಚ್ಚು ಒಂದು ಇಡೀ ಚಳಿಗಾಲ ತಲೆಯಲ್ಲಿತ್ತು, ಬಾನೆಟ್ಟಿನ ಕೆಳಗೆ ಜಾಗ ಅಳೆದ ಮೇಲೆ ಬಿಟ್ಟಿತು.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ ಹೀಗಿದೆ. ರಿಮೋಟ್ ಸ್ಟಾರ್ಟಿನ ಕಾಲದಲ್ಲಿ ಹತ್ತು ಕಿ.ಮೀ.ಗೆ ಎರಡೂಕಾಲು ಲೀಟರ್ ಹೋಗುತ್ತಿತ್ತು, ಈಗ ಒಂದೂವರೆಗಿಂತ ಕಡಿಮೆ. ಆಫೀಸಿನ ಪಾರ್ಕಿಂಗಿನಲ್ಲಿಯೂ ಪ್ಲಗ್ ಕಂಬಗಳಿರುವುದರಿಂದ ಸಂಜೆಗೂ ಅದೇ ಅನುಕೂಲ. ನವೆಂಬರಿನಿಂದ ಮಾರ್ಚಿನವರೆಗೆ ನೂರೈವತ್ತರಿಂದ ನೂರೆಂಬತ್ತು ಲೀಟರ್ ಉಳಿಯುತ್ತದೆ. ಲೀಟರಿಗೆ ಒಂದು ಡಾಲರ್ ನಲವತ್ತು ಸೆಂಟ್ ಹಿಡಿದರೆ ಇನ್ನೂರು ಡಾಲರಿಗೆ ಮೇಲೆ. ಮನೆಯ ಕರೆಂಟು ದಿನಕ್ಕೆ ಒಂದು ಯೂನಿಟ್, ಇಡೀ ಚಳಿಗಾಲಕ್ಕೆ ಇಪ್ಪತ್ತು ಡಾಲರ್ ಆಸುಪಾಸು. ಕೆಲಸಕ್ಕೆ ಬಂದ ವಸ್ತುಗಳಿಗೆ ಹಾಕಿದ ಐದು ನೂರು ಚಿಲ್ಲರೆ ಡಾಲರ್ ಮೂರನೆಯ ಚಳಿಗಾಲದೊಳಗೆ ಮರಳಿತು. ಕೆಲಸಕ್ಕೆ ಬಾರದವುಗಳ ಲೆಕ್ಕವನ್ನು ಮನೆಯಲ್ಲಿ ಇನ್ನೂ ಒಪ್ಪಿಸಿಲ್ಲ.

ಇಷ್ಟಾದರೂ ಬೇಸಿಗೆಯ ಒಂಬತ್ತಕ್ಕೆ ಚಳಿಗಾಲ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಮೈನಸ್ ಇಪ್ಪತ್ತೈದರ ಗಾಳಿ ಪ್ಲಸ್ ಇಪ್ಪತ್ತೈದರ ಗಾಳಿಗಿಂತ ಶೇಕಡಾ 20ರಷ್ಟು ಸಾಂದ್ರ, ಅದನ್ನು ಸೀಳಿಕೊಂಡು ಹೋಗಲೇಬೇಕು. ಚಳಿಗಾಲದ ಟಯರ್, ಹಿಮ ತುಂಬಿದ ರಸ್ತೆ ಯಾವುದಕ್ಕೂ ಪ್ಲಗ್ ಇಲ್ಲ. ಉಳಿದಿರುವುದು ಗೇರ್‌ಬಾಕ್ಸ್. ಅದರ ಆಯಿಲ್ ಬಿಸಿಯಾಗುವವರೆಗೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗುವುದಿಲ್ಲ, ಮೇಲಿನ ಗೇರೂ ಬೀಳುವುದಿಲ್ಲ. ಅರವತ್ತರ ವೇಗದಲ್ಲಿ ಎಂಜಿನ್ನಿನ ಸುತ್ತು ನಿಮಿಷಕ್ಕೆ 1,300 ಎಂದು ತೋರಿಸಬೇಕಾದ ಮುಳ್ಳು 2,000ದ ಹತ್ತಿರ ನಿಂತಿರುತ್ತದೆ. ಅದರ ಪ್ಯಾನಿಗೆ ಅಂಟಿಸಲು ಸಿಲಿಕೋನ್ ಪ್ಯಾಡ್ ಹೀಟರ್ ತರಿಸಿಟ್ಟಿದ್ದೇನೆ, ಅಂಟು ಹಿಡಿಯಲು ಲೋಹ ಬೆಚ್ಚಗೆ ಒಣಗಿರಬೇಕಾದ್ದರಿಂದ ಅದನ್ನು ಹಾಕುವುದು ಸೆಪ್ಟೆಂಬರಿನಲ್ಲಿ.